ಕುದ್ರಿ ನಿಂತಾದ

ನಿಜಾಮನ ಕಾಲದಲ್ಲಿ ವಾಡಿ ಸ್ಟೇಷನ್ನಿನ ಹಾದಿಯಲ್ಲಿ ಟಾಂಗಾ ಹೊಡೆಯುತ್ತಿದ್ದ ಒಬ್ಬ ಮುದುಕನನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಕಲ್ಲುಗಣಿಯ ಕಾರಕೂನ ಕೆಲಸ ಕಳೆದುಕೊಂಡ ಮೇಲೆ ನಾನು ಅದೇ ಹಾದಿಯಲ್ಲಿ ಚಹಾದಂಗಡಿ ಇಟ್ಟೆ. ಮೊದಮೊದಲು ಕಾಯಿಸಿದ ಹಾಲು ಸಂಜೆಗೂ ಹಾಗೇ ಉಳಿಯುತ್ತಿತ್ತು. ಯಾರಾದರೂ ಸಹಾಯ ಮಾಡಬಂದರೆ ನನಗೆ ಸಿಟ್ಟು. ನೆರವಿಗೆ ಬಂದ ಚಾಚಾನಿಗೂ ಮುಖ ತಿರುಗಿಸಿದ್ದೆ.

ಸ್ವಲ್ಪ ದಿನಕ್ಕೆ ಆತನ ಬಿಳಿ ಹೆಣ್ಣುಕುದುರೆ ನನ್ನ ಅಂಗಡಿಯ ಮುಂದೆ ತಾನಾಗಿ ನಿಲ್ಲತೊಡಗಿತು. ಟಾಂಗಾದಲ್ಲಿದ್ದವರು ಗೊಣಗಿದರೆ ಚಾಚಾ ಲಗಾಮು ಬಿಟ್ಟು ಎರಡೂ ಕೈ ಮೇಲೆತ್ತುತ್ತಿದ್ದ. "ಕುದ್ರಿ ನಿಂತಾದ ಸಾಹೇಬ್ರ, ನಾ ಏನ್ ಮಾಡ್ಲಿ? ರೈಲಿಗಿ ಇನ್ನಾ ಭಾಳ ಹೊತ್ತದ. ಇಳೀರಿ, ಚಾ ಕುಡೀರಿ."

ಇಳಿದರು, ಕುಡಿದರು, ಮತ್ತೆ ಬಂದರು. ಎಲ್ಲ ನನ್ನ ಚಹಾದ ರುಚಿಯೆಂದು ಬೀಗಿದೆ. ಬಾಗಿಲೆದುರಿನ ಲದ್ದಿಗಾಗಿ ಚಾಚಾನನ್ನು ಬೈದದ್ದೂ ಉಂಟು. "ಆಕಿಗಿ ಬೈರಿ ಬಾಬು, ನಂಗ್ಯಾಕ?" ಎಂದು ಆತ ನಗುತ್ತಿದ್ದ.

ಒಂದು ಬೆಳಗ್ಗೆ ಬೇಗ ಬಂದೆ. ಮುಚ್ಚಿದ ಅಂಗಡಿಯೆದುರು ಖಾಲಿ ಟಾಂಗಾ ನಿಂತಿತ್ತು. ಚಾಚಾ ಕಿಸೆಯಿಂದ ಬೆಲ್ಲ ತೆಗೆದು ಕುದುರೆಗೆ ತಿನ್ನಿಸುತ್ತ, "ಇಲ್ಲೇ ನಿಂದರಬೇಕು ಬೇಟಿ, ಮರೀಬ್ಯಾಡ" ಎನ್ನುತ್ತಿದ್ದ. ನನ್ನನ್ನು ಕಂಡವನೇ ಗಾಬರಿಯಾಗಿ ಎರಡೂ ಕೈ ಮೇಲೆತ್ತಿದ. "ಕುದ್ರಿ ನಿಂತಾದ ಬಾಬು, ನಾ ಏನ್ ಮಾಡ್ಲಿ?"

ಉಪಕಾರವಾಯಿತು ಎಂಬ ಮಾತನ್ನು ಕೊನೆಗೂ ಆತನಿಗೆ ಹೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ. ಅಂದು ಅಂಗಡಿಯ ಬಾಗಿಲು ತೆರೆದು, ಡಬ್ಬಿಯಿಂದ ದೊಡ್ಡ ತುಂಡು ಬೆಲ್ಲ ತಂದು ನಾನೇ ಕುದುರೆಯ ಬಾಯಿಗಿಟ್ಟೆ. ಆಮೇಲೆ ಚಾಚಾ ಎಷ್ಟು ಲಗಾಮು ಜಗ್ಗಿದರೂ ಅದು ಅಲ್ಲಿಂದ ಕದಲಲಿಲ್ಲ.