ಹಾಡಿಲ್ಲದ ಆಲ್ಬಂಗೆ ಅವ್ವನ ದನಿ

ನನ್ನ ಆಂಬಿಯೆಂಟ್ ಸಂಗೀತದ ಪೋಸ್ಟುಗಳಿಗೆ ನಗುವ ಗೆಳೆಯರೇ, ಇವತ್ತಿನದನ್ನೂ ಓದಿಬಿಡಿ.

ಮಧ್ಯಾಹ್ನ ಮುದ್ದೇಬಿಹಾಳದ ನಮ್ಮ ಮನೆಯ ಪಡಸಾಲೆಯಲ್ಲಿ, ದೂರದ ದೇಶದವನೊಬ್ಬನ ಹೊಸ ಆಲ್ಬಂ ಸ್ಪೀಕರಿಗೆ ಹಾಕಿದ್ದೆ. ಮಾತಿಲ್ಲ, ತಾಳವಿಲ್ಲ, ಒಂದೇ ಸ್ವರ ನಿಂತಲ್ಲೇ ನಿಧಾನವಾಗಿ ಬಣ್ಣ ಬದಲಿಸುತ್ತದೆ. ಅಷ್ಟರಲ್ಲಿ ಅವ್ವನ ಭಜನಾ ಮಂಡಳಿಯವರು ಬಂದು ಕೂತರು. ಅವರಿಗೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಇವತ್ತು ಕನ್ನೊಳ್ಳಿಗೆ ಹೋಗಿದ್ದರು.

ಮಂಡಳಿಯ ಶಾಂತಾ ಕಾಕು ಸ್ವಲ್ಪ ಹೊತ್ತು ಕೇಳಿ, "ಹಾಡು ಯಾವಾಗ ಚಾಲೂ ಆಗತೈತೋ ತಮ್ಮಾ?" ಎಂದರು.

"ಇದೇ ಹಾಡ್ರಿ ಕಾಕು."

"ಇದೆಂಥಾ ಹಾಡೋ! ಬರೇ ಶ್ರುತಿ ಹಿಡದು ಕುಂತಾನ. ಹಾಡೋರು ಎಲ್ಲಿ ಹೋದ್ರು?"

ಸಿಟ್ಟು ಬಂದು ಸ್ಪೀಕರ್ ಬಂದ್ ಮಾಡಲು ಹೋದೆ. ಅವ್ವ ತಡೆದಳು. "ಇರ್ಲಿ ಬಿಡೋ, ಶ್ರುತಿ ಚಲೋ ಐತಿ."

ಹಾಗೆಂದವಳೇ ಕಣ್ಣು ಮುಚ್ಚಿ ತತ್ವಪದ ಎತ್ತಿಬಿಟ್ಟಳು. ಉಳಿದವರು ತಾಳ ಹಿಡಿದರು. ಎಲ್ಲೂ ಒಂದು ಸ್ವರ ಆಚೀಚೆ ಆಗಲಿಲ್ಲ. ನಾನು 'ಮೌನದ ವಿಸ್ತಾರ' ಎಂದೆಲ್ಲ ಬರೆಯಬೇಕೆಂದಿದ್ದ ಆಲ್ಬಂ ಅವ್ವನ ಬೆನ್ನ ಹಿಂದೆ ಕೈಕಟ್ಟಿ ಕೂತಿತ್ತು. ಎದೆ ಉಬ್ಬಿ ನಾನೂ ಗೋಡೆಗೆ ಒರಗಿ ಕೂತೆ.

ಎರಡನೇ ಪದದ ನಡುವೆ ಆಲ್ಬಂ ಮುಗಿದುಹೋಯಿತು. ಅವ್ವ ನಿಲ್ಲಿಸಲಿಲ್ಲ. ಪದ ಮುಗಿಸಿ, ಸ್ಪೀಕರನ್ನು ದುರುಗುಟ್ಟಿ ನೋಡಿ, "ಮಂಗಳಾರತಿ ತನಕಾ ಕೂಡೋ ತಾಳ್ಮಿ ಇಲ್ಲ, ಎಂಥಾ ಮಾಸ್ತರ ಇಂವ!" ಎಂದಳು.

ನನ್ನ ವಿಮರ್ಶೆ ಇಷ್ಟೇ: ಆಲ್ಬಂ ಚೆನ್ನಾಗಿದೆ. ನಮ್ಮವ್ವನಿಗೆ ಸಾಥ್ ಕೊಡಲು ಇನ್ನೂ ಸ್ವಲ್ಪ ಪಳಗಬೇಕು.