ಡಾಕ್ಟರ್ ಬೇಡ ಅಂದರು

ನನ್ನ ಮಗಳ ತಲೆಯ ಹಿಂಭಾಗ ಬಲಗಡೆ ಚಪ್ಪಟೆಯಾಗಿರುವುದನ್ನು ಮೊದಲು ಕಂಡವನು ನಾನಲ್ಲ, ನನ್ನ ಹೆಂಡತಿಯೂ ಅಲ್ಲ. ಆಗ ಮಗುವಿಗೆ ಮೂರು ತಿಂಗಳು. ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ಚಿಕ್ಕಪ್ಪನ ಮನೆಗೆ ಪೂಜೆಗೆಂದು ಹೋಗಿದ್ದೆವು. ಚಿಕ್ಕಮ್ಮ ಮಗುವನ್ನು ಎತ್ತಿಕೊಂಡು, ತಲೆ ಸವರಿ, "ಇದೆಂಥದ್ದು ಮಾರಾಯ, ಒಂದು ಬದಿ ದೋಸೆ ಕಾವಲಿಯ ಹಾಗೆ ಉಂಟಲ್ಲ!" ಎಂದರು. ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು, ಮಗುವನ್ನು ವಾಪಸ್ ತೆಗೆದುಕೊಂಡು ಟೊಪ್ಪಿ ಹಾಕಿದೆ. ಆಮೇಲೆ ಯಾರಾದರೂ ಮನೆಗೆ ಬಂದರೆ ನನ್ನ ಕೈ ತಾನಾಗಿ ಆ ಟೊಪ್ಪಿಯನ್ನು ಹುಡುಕತೊಡಗಿತು.

ಸಲಹೆಗಳಿಗೇನೂ ಬರವಿರಲಿಲ್ಲ. ಊರಿನಿಂದ ಅಮ್ಮ ಫೋನಿನಲ್ಲಿ ಸಾಸಿವೆ ತುಂಬಿದ ದಿಂಬು ಹೊಲಿಸಲು ಹೇಳಿದರು, ಹೊಲಿಸಿದೆವು. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು ಬರುತ್ತಿದ್ದ ಮಾಲಿಶ್ ಬಾಯಿ ಎರಡು ಅಂಗೈ ನಡುವೆ ಹಿಡಿದು ಒತ್ತಿದರೆ ತಲೆ ದುಂಡಗಾಗುತ್ತದೆ ಎಂದಳು. ಒತ್ತಿಸಿದೆವು, ಮಗು ಕಿರುಚಿದ ಮೇಲೆ ಬಿಡಿಸಿದೆವು. ನಾನು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಔಷಧಿ ಕಂಪನಿಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ಅಲ್ಲಿ ಒಬ್ಬ, ಇಂಥ ಮಕ್ಕಳಿಗೆ ಹೆಲ್ಮೆಟ್ ಹಾಕುತ್ತಾರೆ, ನವಿ ಮುಂಬೈಯಲ್ಲಿ ಎಲ್ಲೋ ಸಿಗುತ್ತದಂತೆ ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಒಂದು ವಾರ ನಾವಿರುವ ವಿಠ್ಠಲವಾಡಿಯಿಂದ ಠಾಣೆಯವರೆಗೆ ಲೋಕಲ್‌ನಲ್ಲಿ ನಿಂತುಕೊಂಡು ನಾನು ಅದೇ ಚಿತ್ರಗಳನ್ನು ನೋಡಿದೆ.

ಕೊನೆಗೆ ಕಲ್ಯಾಣದ ಮಕ್ಕಳ ಡಾಕ್ಟರ ಬಳಿ ಹೋದೆವು. ವಯಸ್ಸಾದ ಮರಾಠಿ ಹೆಂಗಸು. ಮಗುವಿನ ಕತ್ತನ್ನು ಎರಡೂ ಕಡೆ ತಿರುಗಿಸಿ ನೋಡಿ, ತಲೆಯನ್ನು ಟೇಪಿನಿಂದ ಅಳೆದು, ಹೆದರುವಂಥದ್ದು ಏನೂ ಇಲ್ಲ ಎಂದರು. ಯಾವಾಗಲೂ ಒಂದೇ ಕಡೆ ಮುಖ ಮಾಡಿ ಮಲಗಿದ್ದರಿಂದ ಹಾಗಾಗಿದೆಯಂತೆ. ಅಂಗಾತವೇ ಮಲಗಿಸಬೇಕು, ಆದರೆ ತಲೆಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸಬೇಕು. ಎಚ್ಚರವಿದ್ದಾಗ ಎದುರಿಗೆ ಕೂತು ಬೋರಲು ಮಲಗಿಸಿ ಆಡಿಸಬೇಕು. ಸಾಸಿವೆ ದಿಂಬು ಬೇಡ, ಒತ್ತುವುದು ಬೇಡವೇ ಬೇಡ, ಹೆಲ್ಮೆಟ್ಟಿನ ಅಗತ್ಯ ಇಲ್ಲ. ಒಂದು ಡ್ರಾಪ್ಸ್ ಕೂಡ ಬರೆದುಕೊಡಲಿಲ್ಲ. ದಿನವಿಡೀ ಮಾತ್ರೆಗಳ ನಡುವೆ ಇರುವ ನನಗೆ, ಔಷಧಿ ಬರೆಯದವರು ಎಂಥ ಡಾಕ್ಟರು ಅನಿಸಿತು. ಹೆಂಡತಿ ಮಾತ್ರ ಅವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ನಾನು ಮಾಡಿದ್ದು ದಿನಾ ತಲೆ ನೋಡುವುದೊಂದೇ. ಮಗು ನಕ್ಕರೆ ಅದರ ನಗು ನೋಡುವುದು ಬಿಟ್ಟು ತಲೆ ನೋಡುತ್ತಿದ್ದೆ. ಬರೆಯುವಾಗಲೂ ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಇತ್ತು.

ಎಂಟು ತಿಂಗಳಾಗುವಷ್ಟರಲ್ಲಿ ತಲೆ ಬಹಳಷ್ಟು ಸರಿಯಾಗಿತ್ತು. ಕೂದಲೂ ಒತ್ತಾಗಿ ಬೆಳೆದಿತ್ತು. ಹೆಣ್ಣುಮಗು, ಉದ್ದ ಕೂದಲು ಬಿಟ್ಟರೆ ಉಳಿದದ್ದು ಯಾರಿಗೂ ಕಾಣುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಮೇ ತಿಂಗಳಲ್ಲಿ ಊರಿಗೆ ಬನ್ನಿ, ದೇವಸ್ಥಾನದಲ್ಲಿ ಮಗುವಿನ ಮುಡಿ ತೆಗೆಸುವ, ಎಲ್ಲರನ್ನೂ ಕರೆದಿದ್ದೇನೆ ಎಂದರು. ಎಲ್ಲರೂ ಎಂದರೆ ಚಿಕ್ಕಮ್ಮನೂ. ನುಣ್ಣಗೆ ಬೋಳಿಸಿದ ನನ್ನ ಮಗಳ ತಲೆ ಅಷ್ಟು ಜನರ ಕೈಯಿಂದ ಕೈಗೆ ಹೋಗುವುದನ್ನು ನೆನೆಸಿಕೊಂಡು, ರಜೆ ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಮುಂದಿನ ಇಂಜೆಕ್ಷನ್ನಿಗೆ ಕಲ್ಯಾಣಕ್ಕೆ ಹೋದಾಗ, ಅಳುವ ಮಗುವನ್ನು ಎತ್ತಿಕೊಂಡು ಹೆಂಡತಿ ಹೊರಗೆ ಹೋದಳು. ನಾನು ಒಳಗೆ ಉಳಿದು ಡಾಕ್ಟರನ್ನು ಕೇಳಿದೆ, ತಲೆ ಬೋಳಿಸಬಹುದೇ ಎಂದು. ಬೇಡ ಅನ್ನಲಿ ಎಂದೇ ಕೇಳಿದ್ದು. ಮಾಡಿಸಿ, ಅದಕ್ಕೆ ನನ್ನನ್ನು ಕೇಳುವುದೇನು ಎಂದು ಅವರು ನಕ್ಕುಬಿಟ್ಟರು. "ಕರೋ ನಾ, ಇಸ್ ಮೇಂ ಮುಝೇ ಕ್ಯಾ ಪೂಛನಾ?"

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ ನಾನು ಹೆಂಡತಿಗೆ ಹೇಳಿದೆ: "ಮುಡಿ ತೆಗೆಸುವುದು ಡಾಕ್ಟರ್ ಬೇಡ ಅಂದರು."

"ಹೌದಾ? ಯಾಕಂತೆ?"

ಯಾಕೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಆದರೂ ಬಾಯಿಗೆ ತಡೆಯಾಗಲಿಲ್ಲ. ತಲೆಯ ಎಲುಬು ಇನ್ನೂ ಮೆತ್ತಗಿದೆ, ಕ್ಷೌರದ ಕತ್ತಿಯ ಒತ್ತಡ ಬೀಳಬಾರದು, ಎರಡು ವರ್ಷದವರೆಗೆ ಯಾವ ಮಗುವಿಗೂ ಮಾಡಿಸಬಾರದಂತೆ ಎಂದೆ. ಯಾವ ಮಗುವಿಗೂ ಎಂದು ಸೇರಿಸಿದ್ದು ನಮ್ಮ ಮಗುವಿನ ತಲೆಯ ಮಾತು ಬೇರೆಯಾಗಿ ಬರದಿರಲಿ ಎಂದು. ಹೆಂಡತಿ ಹೆದರಿ ಮಗುವಿನ ನೆತ್ತಿ ಮುಟ್ಟಿ ನೋಡಿದಳು. ಆ ದಿನವೇ ಅಮ್ಮನಿಗೆ ಫೋನ್ ಮಾಡಿ ಹೇಳಿದಳು. ಅಮ್ಮನೂ, "ಡಾಕ್ಟರೇ ಹೇಳಿದ ಮೇಲೆ ಎಂಥ ಮಾಡುವುದು" ಎಂದು ಸುಮ್ಮನಾದರು. ಊರಿನ ಪ್ರಯಾಣವೂ ನಿಂತಿತು. ಇಷ್ಟು ಸುಲಭವಾಗಿ ಗೆದ್ದುಬಿಟ್ಟೆನಲ್ಲ ಎಂದು ನನಗೆ ಖುಷಿಯೇ ಆಯಿತು.

ನಮ್ಮ ಕೆಳಗಿನ ಮನೆಯಲ್ಲಿ ವಿಜಯಪುರದ ಕಡೆಯ ಸಂಸಾರ. ಗಂಡ ಉಲ್ಹಾಸನಗರದಲ್ಲಿ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾನೆ. ಅವರಿಗೂ ಹತ್ತು ತಿಂಗಳ ಗಂಡುಮಗು. ಆ ಹೆಂಗಸೂ ನನ್ನ ಹೆಂಡತಿಯೂ ಟೆರೇಸಿನಲ್ಲಿ ಬಟ್ಟೆ ಒಣಗಿಸುತ್ತಾ ಸ್ನೇಹಿತರಾದವರು. ಅವಳು ಮಗನ ಜಾವಳ ತೆಗೆಸಬೇಕು ಎಂದಾಗ ನನ್ನ ಹೆಂಡತಿ ಸುಮ್ಮನಿರುತ್ತಾಳೆಯೇ? ತನಗೆ ಗೊತ್ತಾದ ಒಳ್ಳೆಯ ಮಾತನ್ನು ಹೇಳಿದಳು. ನನಗೂ ಬಂದು ಹೇಳಿದಳು: "ಅವಳೂ ಈಗ ತೆಗೆಸುವುದಿಲ್ಲವಂತೆ. ಹೇಳಿದ್ದು ಒಳ್ಳೆಯದಾಯ್ತು ಅಲ್ವಾ?" ನಾನು ಪೇಪರ್ ಓದುತ್ತಿದ್ದೆ. ಹೂಂ ಅಂದೆ.

ಮೇ ತಿಂಗಳ ಸೆಕೆ. ಒಂದು ಬೆಳಿಗ್ಗೆ ಸ್ಟೇಷನ್ನಿಗೆ ಹೊರಟಾಗ ಆ ಹೆಂಗಸು ಮೆಟ್ಟಿಲ ಮೇಲೆ ಮಗುವನ್ನು ಕೂರಿಸಿಕೊಂಡು ತಲೆಗೆ ಬೀಸುತ್ತಿದ್ದಳು. ಮಗು ಎರಡೂ ಕೈಯಿಂದ ತಲೆ ಕೆರೆದುಕೊಳ್ಳುತ್ತಿತ್ತು. ದಟ್ಟ ಕೂದಲ ನಡುವೆ ಕೆಂಪು ಗುಳ್ಳೆಗಳು. "ನೋಡ್ರಿ ಅಣ್ಣಾರ, ಕೂಸಿನ ತಲಿ ತುಂಬ ಗುಳ್ಳಿ ಎದ್ದಾವ. ಕೂದಲಾ ತೆಗಿಯೂವಂಗೂ ಇಲ್ಲ" ಎಂದಳು. ತೆಗೆಸಿ, ಏನೂ ಆಗುವುದಿಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಹಾಗೆಂದರೆ ಅದು ಸಂಜೆಯೊಳಗೆ ನನ್ನ ಹೆಂಡತಿಗೆ ತಲುಪುತ್ತದೆ. ನನಗೆ ಲೋಕಲ್ ತಪ್ಪುತ್ತದೆ ಎಂದು ಕೈಗಡಿಯಾರ ನೋಡಿಕೊಂಡು ಇಳಿದುಹೋದೆ.

ಒಂದು ವಾರದಲ್ಲಿ ಗುಳ್ಳೆಗಳು ಕೀವು ತುಂಬಿಕೊಂಡವು. ಕೂದಲ ಕೆಳಗೆ ಎಷ್ಟು ಹರಡಿತ್ತೆಂದು ಯಾರಿಗೂ ಕಾಣಲಿಲ್ಲ. ಮಗುವಿಗೆ ಜ್ವರ ಏರಿತು, ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಮೊದಲು ಮಾಡಿದ ಕೆಲಸ ತಲೆ ಬೋಳಿಸುವುದು. ಎರಡು ಕಡೆ ಕುಯ್ದು ಕೀವು ತೆಗೆದರು. ನಾಲ್ಕು ದಿನ ನಾನು ಆ ಮಗು ಬದುಕಿದರೆ ಸಾಕು ಎಂದು ದೇವರಿಗೆ ಕೈ ಮುಗಿದೆ. ನನ್ನ ಸುಳ್ಳು ಹೊರಬೀಳದಿರಲಿ ಎಂದೂ ಮುಗಿದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಮುಗಿದೆನೋ ಹೇಳಲು ಧೈರ್ಯವಿಲ್ಲ.

ಮಗು ಮನೆಗೆ ಬಂತು. ನನ್ನ ಹೆಂಡತಿಗೆ ಸಿಟ್ಟು ಇಳಿಯಲಿಲ್ಲ. ಇಂಥ ಮಾತು ಹೇಳಿದ ಡಾಕ್ಟರನ್ನು ಕೇಳಲೇಬೇಕು ಎಂದು ಕೆಳಗಿನ ಮನೆಯ ಹೆಂಗಸನ್ನು ಹೊರಡಿಸಿದಳು. ನಾನು ಬೇಡ ಅಂದೆ, ಹಾಳಾಗಲಿ ಬಿಡು ಅಂದೆ. ಕೇಳಲಿಲ್ಲ. ಹೋಗದಿದ್ದರೆ ಅನುಮಾನ ಬಂದೀತೆಂದು ನಾನೂ ಹೋದೆ. ದಿನಕ್ಕೆ ಅಷ್ಟೊಂದು ಜನರನ್ನು ನೋಡುವವರಿಗೆ ನನ್ನ ಪ್ರಶ್ನೆ ಎಲ್ಲಿ ನೆನಪಿರುತ್ತದೆ ಎಂಬ ಧೈರ್ಯ ಬೇರೆ.

ಡಾಕ್ಟರಿಗೆ ನಿಜವಾಗಿಯೂ ನನ್ನ ನೆನಪಿರಲಿಲ್ಲ. ಆದರೆ ತಾವು ಏನು ಹೇಳುತ್ತೇವೆ, ಏನು ಹೇಳುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ಹೇಳಿದ್ದನ್ನು ಕೇಳಿ, ತಲೆಗೆ ಪಟ್ಟಿ ಕಟ್ಟಿದ್ದ ಮಗುವನ್ನು ನೋಡಿ ಅವರು ಮುಖ ಗಂಟಿಕ್ಕಿ, ತಾನು ಹಾಗೆ ಯಾವತ್ತೂ ಹೇಳುವುದಿಲ್ಲ, ಯಾರು ಹೇಳಿದ್ದು ಎಂದು ಕೇಳಿದರು. "ಮೈಂ ಐಸಾ ಕಭೀ ನಹೀಂ ಬೋಲತೀ. ಕಿಸ್ ನೇ ಬೋಲಾ?"

ಹೆಂಡತಿ ತಿರುಗಿ ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ನಾನು ಗೋಡೆಯ ಮೇಲಿನ ಲಸಿಕೆ ಪಟ್ಟಿಯನ್ನು ಓದುವವನಂತೆ ನಿಂತೆ. ಆಗ ಅವಳು ಡಾಕ್ಟರ ಕಡೆ ತಿರುಗಿ, "ಮೈಂ ನೇ ಹೀ ಬೋಲಾ, ಮೇಡಂ. ಮೇರೀ ಗಲತೀ ಹೈ" ಎಂದಳು. ಆಮೇಲೆ ಕನ್ನಡದಲ್ಲಿ, ಪಕ್ಕದಲ್ಲಿದ್ದ ಹೆಂಗಸಿಗೆ, "ಡಾಕ್ಟರ್ ಹೇಳಿದ್ದಲ್ಲ. ನಾನೇ ನನಗೆ ತೋಚಿದ್ದು ಹೇಳಿದೆ" ಎಂದಳು. ಆ ಹೆಂಗಸು ಬೈಯಲಿಲ್ಲ. ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಎದ್ದು ಹೊರಟಳು. ನಾನು ಅವಳಿಗೆ ಬಾಗಿಲು ತೆರೆದು ಹಿಡಿದೆ.

ಮನೆಗೆ ಬಂದ ಮೇಲೆ ಕೇಳಿದೆ, ನನ್ನನ್ನು ಯಾಕೆ ಉಳಿಸಿದೆ ಎಂದು. ಅವಳು ಮಗಳಿಗೆ ಗಂಜಿ ತಿನ್ನಿಸುತ್ತಿದ್ದಳು.

"ನಿಮ್ಮನ್ನು ಉಳಿಸ್ಲಿಕ್ಕೆ ಅಲ್ಲ. ಮಗಳ ತಲೆ ನೋಡಿ ಅಪ್ಪನಿಗೇ ನಾಚಿಕೆ ಅಂತ ಕೆಳಗಿನ ಮನೆಯವಳ ಎದುರು ನಾನು ಹೇಳ್ಬೇಕಿತ್ತಾ?"

ಇದೆಲ್ಲ ಆಗಿ ಮೂರು ವರ್ಷವಾಯಿತು. ಆ ಹೆಂಗಸು ನನ್ನ ಹೆಂಡತಿಯ ಜೊತೆ ಮಾತಾಡುವುದಿಲ್ಲ. ಟೆರೇಸಿಗೆ ಇವಳು ಹೋದರೆ ಅವಳು ಬಕೆಟ್ ಎತ್ತಿಕೊಂಡು ಇಳಿದುಬಿಡುತ್ತಾಳೆ. ನನ್ನ ಜೊತೆ ಮಾತಾಡುತ್ತಾಳೆ. ಹೋದ ವಾರ ಮೆಟ್ಟಿಲಲ್ಲಿ ನಿಲ್ಲಿಸಿ, ಪಕ್ಕದ ಬಿಲ್ಡಿಂಗಿನ ಬಾಣಂತಿಯೊಬ್ಬಳಿಗೆ ನನ್ನ ಹೆಂಡತಿ ಏನೋ ಹೇಳುತ್ತಿದ್ದುದನ್ನು ಕಂಡೆ ಎಂದಳು.

"ನೀವು ಶಾಣ್ಯಾರದೀರಿ ಅಣ್ಣಾರ, ಔಷಧದ ಕಂಪನ್ಯಾಗ ಇರಾವ್ರು. ನಿಮ್ಮ ಮನಿಯವರಿಗೆ ಸ್ವಲ್ಪ ತಿಳಿಸಿ ಹೇಳ್ರಿ. ಗೊತ್ತಿಲ್ಲದ್ದು ಮಾತಾಡಬಾರದು ಅಂತ."

ಹೇಳ್ತೇನೆ, ಎಂದೆ.