ರಂಗೂನಿನ ಪುಂಡಿ ಸೊಪ್ಪು

ಪಕ್ಕದ ಮನೆಯಲ್ಲಿ ರಾಗಿ ಹುರಿಯುತ್ತಿದ್ದಾರೆ. ಚಳ್ಳಕೆರೆಯ ನಮ್ಮ ಓಣಿಗೆ ಎಣ್ಣೆ ಗಾಣದ ವಾಸನೆ ರೂಢಿಯಾಗಿಬಿಟ್ಟಿದೆ. ಇವತ್ತು ಅದನ್ನೂ ಮೀರಿ ಈ ಘಮ ಗೋಡೆ ದಾಟಿ ಬಂತು. ಆ ಮನೆಯ ಗೌರಮ್ಮನ ಗಂಡ ಕಂಬಳಿ ಮೂಟೆ ಕಟ್ಟಿಕೊಂಡು ಮಾರಲು ಪೂನಾ, ಬೊಂಬಾಯಿ ಅಂತ ಹೊರಡುವವನಿದ್ದಾನೆ. ಆರು ತಿಂಗಳೋ ಎಂಟು ತಿಂಗಳೋ, ಬಂದಾಗಲೇ ಬಂದ ಹಾಗೆ. ದಾರಿಗೆ ಹುರಿಹಿಟ್ಟು ಬೇಕಲ್ಲ. ನಿನ್ನೆ ಆಕೆ ಬಂದು, ಸಮುದ್ರ ದಾಟಿ ಬಂದವರು ನೀವು, ಕೈ ಬಿಗಿ ಹಿಡಿದು ಮೈ ಕೆಡದ ಹಾಗೆ ಪರಸ್ಥಳದಲ್ಲಿ ಉಣ್ಣುವುದು ಹೇಗೆಂದು ನಮ್ಮವರಿಗೆ ನಾಲ್ಕು ಮಾತು ಹೇಳಿ ಎಂದಳು. ನಾನು ದೊಡ್ಡ ಮನುಷ್ಯನ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡೆ. ನಾಳೆ ಹೇಳುತ್ತೇನೆ ಎಂದು ಕಳಿಸಿಬಿಟ್ಟೆ. ರಾಗಿ ಹುರಿದ ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದೆ, ನನಗೆ ಹೆದರಿಕೆ ಹುಟ್ಟುತ್ತದೆ. ಈ ವಯಸ್ಸಿನಲ್ಲಿ ಹಿಟ್ಟಿಗೆ ಹೆದರುವವನನ್ನು ನೀವು ಕಂಡಿರಲಾರಿರಿ, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಹುಟ್ಟಿದ್ದು ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮನೆಯಲ್ಲಿ. ಮನೆಯೊಳಗೆ ತೆಲುಗು, ಬೀದಿಗಿಳಿದರೆ ಕನ್ನಡ, ಜಗಳವಾಡುವಾಗ ಎರಡೂ. ನಾನು ಚಿಕ್ಕವನಿದ್ದಾಗ ಅಪ್ಪ ಸೀರೆ ಮಾರಲು ಬಳ್ಳಾರಿ ಸೀಮೆಗೆ ಹೋದವನು ಅಲ್ಲೇ ವಾಂತಿಭೇದಿ ತಗುಲಿ ತೀರಿಕೊಂಡ. ದಾರಿಯಲ್ಲಿ ಹಸಿ ಸೌತೆಕಾಯಿ ತಿಂದಿದ್ದನಂತೆ, ಯಾರೋ ಬಂದು ಹೇಳಿದರು. ಸೌತೆಕಾಯಿಯದೇ ತಪ್ಪೋ ನೀರಿನದೋ ಯಾರು ಕಂಡರು? ಅವ್ವನ ಪಾಲಿಗೆ ಅಂದಿನಿಂದ ಪರವೂರಿನ ಹಸಿರೆಲ್ಲ ವಿಷವಾಯಿತು. ಮನೆಯ ಹಿತ್ತಲಿನ ಸೊಪ್ಪು ಮಾತ್ರ ಸೊಪ್ಪು. ಪಕ್ಕದೂರು ದೇವಸಮುದ್ರದಿಂದ ನೆಂಟರು ತಂದ ಬದನೆಕಾಯಿಯನ್ನೂ ಆಕೆ ಎರಡು ಸಲ ತಿರುಗಿಸಿ ನೋಡುವಳು.

ಹಾಗಿರುವಾಗ ಬಾವ, ಅಂದರೆ ಅಕ್ಕನ ಗಂಡ, ರಂಗೂನಿಗೆ ಹೋಗೋಣ ಎಂದು ಎದ್ದುಬಿಟ್ಟ. ಅಲ್ಲಿ ನಮ್ಮ ಮಾತಿನ ಜನ ಬೇಕಾದಷ್ಟಿದ್ದಾರೆ, ಕೈಯಲ್ಲಿ ಕಾಸಾಡುವ ಮನೆಗಳಿವೆ, ರೇಷ್ಮೆ ಸೀರೆಗೆ ಕಣ್ಣು ಬಿಟ್ಟುಕೊಂಡು ಕಾದಿದ್ದಾರೆ ಎಂದು ಅವನ ಮಾತು. ಅವ್ವ ಬೇಡವೆನ್ನಲಿಲ್ಲ, ಹಿಂದಿನ ವರ್ಷ ನನ್ನ ಮಗ್ಗದ, ಬಾವನ ಮಗ್ಗದ ಸೀರೆಗಳೆಲ್ಲ ಮಾರಾಟವಾಗದೆ ಪೆಟ್ಟಿಗೆಯಲ್ಲೇ ಕೂತಿದ್ದವು. ಆದರೆ ಹೊರಡುವ ಬೆಳಿಗ್ಗೆ ನನ್ನನ್ನು ಮಗ್ಗದ ಗುಣಿಯಲ್ಲಿ ಕೂರಿಸಿ, ಕೈಗೆ ನೂಲೋಡಿಸುವ ಲಾಳಿ ಕೊಟ್ಟಳು. ನಮ್ಮವರಲ್ಲಿ ದೇವರ ಮೇಲೆ ಆಣೆಯಿಟ್ಟು ತಪ್ಪಿದವರುಂಟು, ಲಾಳಿ ಮುಟ್ಟಿ ತಪ್ಪಿದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಮನೆಗೆ ಬಂದು ಸೇರುವ ತನಕ ಹಸಿರಾದದ್ದು, ಹಸಿಯಾದದ್ದು, ಅನ್ಯರು ಬೇಯಿಸಿದ್ದು ಬಾಯಿಗಿಡುವುದಿಲ್ಲ ಎಂದು ನನ್ನಿಂದ ಹೇಳಿಸಿದಳು.

“ನೀನು ತಪ್ಪಿದ್ರೆ ನಂಗೆ ಬಡೀತೈತೆ ನಾಯನಾ. ನೆಪ್ಪಿರ್ಲಿ” ಎಂದಳು.

ಬಾವನನ್ನೂ ಕೂರಿಸಲು ನೋಡಿದಳು. ಅವನು ಗಾಡಿಯ ಎತ್ತಿಗೆ ಹುಲ್ಲು ಹಾಕುವ ನೆವ ಹೇಳಿ ಜಾರಿಕೊಂಡ.

ರಾಯದುರ್ಗದ ತನಕ ಗಾಡಿ, ಮದರಾಸಿನ ತನಕ ರೈಲು, ಆಮೇಲೆ ಹಡಗು. ಹಡಗಿನಲ್ಲಿ ನನಗೆ ಸಮುದ್ರದ ಭಯವೇ ಆಗಲಿಲ್ಲ ಎಂದರೆ ನಂಬುತ್ತೀರಾ? ಪಕ್ಕದಲ್ಲಿ ಕೂತವನು ನೀಡಿದ ಹಲಸಿನ ತೊಳೆಯನ್ನು ಕಂಡು ಬೆವತುಹೋದೆ.

ರಂಗೂನಿನಲ್ಲಿ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದೆವು. ಬಾವ ಕಂಡದ್ದನ್ನೆಲ್ಲ ತಿಂದ. ಚುಟ್ಟ ಸೇದುತ್ತ ಕೂತ ಬರ್ಮಾದ ಹೆಂಗಸರ ಹತ್ತಿರ ಎಲೆ ಹಾಕಿದ ಹುಳಿಸಾರು, ತೆಲುಗು ಕೂಲಿಗಳಿಗೆ ಅಡಿಗೆ ಮಾಡಿ ಹಾಕುತ್ತಿದ್ದ ಮುದುಕಿಯ ಹತ್ತಿರ ತೊವ್ವೆಯಂಥ ಪಪ್ಪು, ಅನ್ನ. ಸಂತೆ ಏಳುವ ಹೊತ್ತಿಗೆ ಹೋದರೆ ಸೊಪ್ಪು ಸದೆ ಮಣ್ಣಿನ ಬೆಲೆಗೆ ಸಿಗುತ್ತದೆ, ಅದನ್ನು ತಿಂದವನಿಗೆ ವೈದ್ಯನ ಖರ್ಚಿಲ್ಲ ಎಂಬುದು ಅವನ ಸಿದ್ಧಾಂತ. ನನ್ನ ಸಿದ್ಧಾಂತ ಇನ್ನೂ ಅಗ್ಗದ್ದು: ಅವ್ವ ಕಟ್ಟಿಕೊಟ್ಟ ಹುರಿಹಿಟ್ಟಿಗೆ ಬಿಸಿನೀರು, ಬೆಲ್ಲದ ಚೂರು. ಹಿಟ್ಟು ತಳ ಕಂಡ ಮೇಲೆ ನಾನೇ ಬೇಯಿಸಿದ ಬಿಳಿ ಅನ್ನ, ಉಪ್ಪು, ಚಟ್ನಿಪುಡಿ. ಇಷ್ಟು ಕಡಿಮೆಯಲ್ಲಿ ಬದುಕುವವನು ಈ ಊರಿನಲ್ಲೇ ಇಲ್ಲವೆಂದು ನನಗೆ ಒಳಗೊಳಗೇ ಹೆಮ್ಮೆ. ಬಾವ ಇವತ್ತು ಸಾಯುತ್ತಾನೆ, ನಾಳೆ ಸಾಯುತ್ತಾನೆ, ಹೆಣ ಇಟ್ಟುಕೊಂಡು ಈ ದೇಶದಲ್ಲಿ ನಾನೇನು ಮಾಡಲಿ ಎಂದು ಅವನು ಮಲಗಿದಾಗ ಹೊಟ್ಟೆಯ ಏರಿಳಿತ ನೋಡುತ್ತ ಕೂರುತ್ತಿದ್ದೆ. ಅವನು ಗುಂಡುಕಲ್ಲಿನ ಹಾಗಿದ್ದ. ನನ್ನ ಪಂಚೆ ಮಾತ್ರ ಸೊಂಟದಲ್ಲಿ ನಿಲ್ಲದಾಯಿತು.

ಅಲ್ಲಿನ ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ, ದೀಪ ಹಚ್ಚುವ ಹೊತ್ತು, ಹೊರಗೆ ಹೋಗಿದ್ದವನು ಕೋಣೆಗೆ ತಿರುಗಿ ಬಂದರೆ ಬಾಗಿಲೇ ಸಿಗಲಿಲ್ಲ. ಗೋಡೆ ತಡವುತ್ತ ನಿಂತೆ. ಮೋಡದ ಕತ್ತಲೆಂದುಕೊಂಡೆ. ಮಾರನೆಯ ದಿನ ಮೋಡವಿರಲಿಲ್ಲ, ಆದರೂ ಹೊತ್ತು ಮುಳುಗುತ್ತಲೇ ಯಾರೋ ಮುಖಕ್ಕೆ ಕರಿ ಕಂಬಳಿ ಎಳೆದಂತಾಯಿತು. ಬೆಳಗಾದರೆ ಎಲ್ಲ ಕಾಣುತ್ತದೆ. ಸಂಜೆಯಾದರೆ ದೀಪದ ಕುಡಿಯೊಂದು ಬಿಟ್ಟು ಉಳಿದದ್ದೆಲ್ಲ ಅಳಿಸಿಹೋಗುತ್ತದೆ.

ನೇಕಾರನಿಗೆ ಕಾಲು ಹೋದರೆ ಹೇಗೋ ಬದುಕಿಯಾನು. ಕಣ್ಣು ಹೋದರೆ? ನಮ್ಮ ಬೀದಿಯಲ್ಲಿ ಒಬ್ಬ ದೊಡ್ಡಪ್ಪ ಇದ್ದ, ಕಣ್ಣು ಮಂಜಾದ ಮೇಲೆ ಹೆಂಗಸರ ನಡುವೆ ಕೂತು ನೂಲು ಸುತ್ತುತ್ತಿದ್ದ. ಎಳೆ ತಪ್ಪಿದಾಗಲೆಲ್ಲ ಹೆಂಗಸರು ಅವನಿಗೆ ಗೊತ್ತಾಗದಂತೆ ಸರಿಮಾಡುತ್ತಿದ್ದರು. ಆ ದೊಡ್ಡಪ್ಪನ ಬೆನ್ನು ನನ್ನ ಕಣ್ಣಮುಂದೆ ಬಂದು ನಿಂತಿತು. ಬಾವನಿಗೆ ಹೇಳಲೂ ಹೆದರಿದೆ. ಹೇಳಿದರೆ ಅದು ನಿಜವಾಗಿಬಿಡುತ್ತದಲ್ಲ. ಸಂಜೆಗೆ ಮುಂಚೆಯೇ ಚಾಪೆಯ ಮೇಲೆ ಕೂತು ತಲೆನೋವೆನ್ನುತ್ತಿದ್ದೆ. ಸೀರೆಗಳನ್ನು ಬೆರಳಿನಿಂದ ಗುರುತಿಡುವುದನ್ನು ಕಲಿತೆ. ಅಂಚಿನಲ್ಲಿ ರುದ್ರಾಕ್ಷಿ ಇದ್ದದ್ದು ಇದು, ಗಿಳಿ ಇದ್ದದ್ದು ಇದು ಎಂದು ನೇಯ್ದವನ ಬೆರಳು ಹೇಳುತ್ತದೆ. ಬಣ್ಣವನ್ನು ಯಾವ ಬೆರಳು ಹೇಳುತ್ತದೆ?

ಒಬ್ಬ ಗಿರಾಕಿಯಮ್ಮ ದೀಪದ ಹೊತ್ತಿಗೆ ಬಂದು ಮಗಳ ಮದುವೆಗೆ ಅರಿಶಿನ ಬಣ್ಣದ ಗಿಳಿ ಅಂಚಿನ ಸೀರೆ ಕೇಳಿದಳು. ನಾನು ಗಿಳಿಯನ್ನು ತಡವಿ ಹುಡುಕಿ, ಧೈರ್ಯವಾಗಿ ಬಿಚ್ಚಿ ಹರವಿದೆ. ಆಕೆ ನಕ್ಕಳು. ಬಿಚ್ಚಿದ್ದು ಕಡು ನೀಲಿ. ಬಾವನೂ ನಕ್ಕು, ನಮ್ಮ ಹುಡುಗನಿಗೆ ಮದುವೆಯ ಮಾತೆತ್ತಿದರೆ ಬುದ್ಧಿ ಓಡುವುದಿಲ್ಲ ಎಂದು ತಾನೇ ಸರಿಯಾದದ್ದನ್ನು ತೆಗೆದುಕೊಟ್ಟ. ಆಕೆ ಹೋದ ಮೇಲೆ ಅವನು ನಗಲಿಲ್ಲ. ನನ್ನ ಮುಖದ ಮುಂದೆ ಏನನ್ನೋ ಆಡಿಸಿದನೆಂದು ಗಾಳಿಯಿಂದ ತಿಳಿಯಿತು.

“ಎಷ್ಟು ದಿನ ಆತಲೇ?”

ನಾನು ಅತ್ತುಬಿಟ್ಟೆ. ಇರುಳುಗಣ್ಣು ಎಂದ ಅವನು. ಬರಗಾಲದಲ್ಲಿ ಸೊಪ್ಪು ಕಾಣದ ಮಕ್ಕಳಿಗೆ ಹೀಗಾಗುವುದನ್ನು ಊರಲ್ಲಿ ಕಂಡಿದ್ದನಂತೆ. ಸುತ್ತ ಹಸಿರು ಕೊಳೆಯುವಷ್ಟು ಬಿದ್ದಿರುವ ಈ ದೇಶದಲ್ಲಿ ಬೆಳೆದ ಗಂಡಸಿಗೆ ಹೀಗಾದದ್ದು ಮಾತ್ರ ಮೊದಲು ಎಂದ. ಮಾರನೆಯ ಬೆಳಿಗ್ಗೆ ಪೇಟೆಯಿಂದ ಒಂದು ಕಟ್ಟು ತಂದು ನನ್ನ ಮಡಿಲಿಗೆ ಹಾಕಿದ. ಕೆಂಪು ದಂಟು, ಬೆರಳಿನಂತೆ ಸೀಳಿದ ಎಲೆ. ಬರ್ಮಾದವರ ಹುಳಿಸಾರಿನ ಸೊಪ್ಪು ಅದೇ.

“ಕಣ್ಣು ಬಿಟ್ಟು ನೋಡಲೇ. ಪುಂಡಿ ಇದು. ನಿಮ್ಮವ್ವನ ಹಿತ್ತಲದಾಗಿರೋದೂ ಇದೇ.”

ಹೌದು, ಪುಂಡಿಯೇ. ನಮ್ಮ ತೆಲುಗಿನ ಗೋಂಗೂರ. ಅಷ್ಟು ತಿಂಗಳು ಅದರ ರಾಶಿಯ ಪಕ್ಕದಲ್ಲೇ ಮೂಗು ಮುಚ್ಚಿಕೊಂಡು ಓಡಾಡಿದ್ದೆ. ಆದರೂ ತಿನ್ನಲು ಕೈ ಬರಲಿಲ್ಲ. ತಿಂದರೆ ಅವ್ವನಿಗೆ ಬಡಿಯುತ್ತದೆ, ತಿನ್ನದಿದ್ದರೆ ಕಣ್ಣು ಹೋಗುತ್ತದೆ. ಆ ದಿನವೆಲ್ಲ ಬೇಯಿಸಿದ ಸೊಪ್ಪನ್ನು ಮುಂದಿಟ್ಟುಕೊಂಡು ಕೂತಿದ್ದೆ. ಸಂಜೆ ಮತ್ತೆ ಕಂಬಳಿ ಇಳಿಯಿತು. ತಟ್ಟೆ ಎಲ್ಲಿದೆಯೆಂದು ಕಾಣದಾಯಿತು. ಆಗ ತಡವಿ ತಿಂದೆ. ಹುಳಿಗೆ ಬಾಯಲ್ಲಿ ನೀರು, ಭಯಕ್ಕೆ ಕಣ್ಣಲ್ಲಿ ನೀರು.

ವಾರಗಳು ಕಳೆದಂತೆ ಸಂಜೆಗಳು ಒಂದೊಂದಾಗಿ ತಿರುಗಿ ಬಂದವು. ಮೊದಲು ಬಾಗಿಲ ಚೌಕಟ್ಟು, ಆಮೇಲೆ ಬಾವನ ಮೀಸೆ. ಪುಂಡಿ, ನುಗ್ಗೆ, ಹೆಸರು ಗೊತ್ತಿಲ್ಲದ ಕೆರೆಯ ಸೊಪ್ಪು, ಬಾವ ಕೊಟ್ಟದ್ದನ್ನೆಲ್ಲ ತಿಂದೆ. ಕಣ್ಣು ಗಟ್ಟಿಯಾದಷ್ಟೂ ಎದೆ ಪುಕ್ಕಲಾಯಿತು. ಊರಿನಿಂದ ಯಾರಾದರೂ ಬಂದರೆಂದು ಕೇಳಿದರೆ ಅವ್ವನ ಸುದ್ದಿ ಕೇಳಲು ಹೆದರಿ ಬೇರೆ ಬೀದಿ ಹಿಡಿಯುತ್ತಿದ್ದೆ.

ತಂದ ಸೀರೆಗಳೆಲ್ಲ ಮಾರಿದ ಮೇಲೆ ಊರಿಗೆ ಹೊರಟೆವು. ರಾಯದುರ್ಗದಿಂದ ಗಾಡಿಯಲ್ಲಿ ಕೂತವನು ಎದುರು ಸಿಕ್ಕವರ ಮುಖವನ್ನೇ ಓದುತ್ತ ಬಂದೆ. ಅವರು ನನ್ನನ್ನು ಕಂಡು ಕನಿಕರಪಟ್ಟರೇ? ಯಾಕೆ ಬೇಗ ಮುಖ ತಿರುಗಿಸಿದರು? ನಮ್ಮ ಬೀದಿ ಸೇರುವಾಗ ಹೊತ್ತು ಮುಳುಗಿತ್ತು. ಅವ್ವ ಹೊಸ್ತಿಲಲ್ಲಿ ಕೂತಿದ್ದಳು. ಬದುಕಿದ್ದಾಳೆ! ಗಾಡಿಯಿಂದ ಇಳಿದವನು ಆಕೆಯ ಎದುರಿಗೇ ನಿಂತೆ. ಆಕೆ ನನ್ನ ಆಚೆಗೆ, ಬೀದಿಗೆ ಮುಖ ಮಾಡಿ ಕೇಳಿದಳು.

“ಯಾರಪ್ಪಾ ಅದು?”

ಅವಳ ಕೈ ಗಾಳಿಯಲ್ಲಿ ತಡವುತ್ತಿತ್ತು. ಆ ತಡವುವ ಬಗೆ ನನಗೆ ಗೊತ್ತಿತ್ತು.

ಅಕ್ಕ ಒಳಗಿನಿಂದ ಓಡಿಬಂದಳು, ಅಳುತ್ತ ಹೇಳಿದಳು. ನಾವು ಹೊರಟ ದಿನವೇ ಅವ್ವ ಜಟಿಂಗರಾಮೇಶ್ವರನ ಬೆಟ್ಟ ಹತ್ತಿ, ಮಗ ಬರುವ ತನಕ ತಾನೂ ಹಸಿರು ಮುಟ್ಟುವುದಿಲ್ಲವೆಂದು ನೇಮ ಹಿಡಿದಳಂತೆ. ಹುರಿಹಿಟ್ಟು, ಉಪ್ಪು, ನೀರು. ಹಿತ್ತಲಿನ ಪುಂಡಿ ಬಲಿತು ಹೂ ಬಿಟ್ಟು ಒಣಗಿತು.

“ಬೇಡ್ಕಂಡೆ, ಬೈದೆ, ಕೇಳ್ಲಿಲ್ಲ. ನಾನಿಲ್ಲಿ ತಿಂದ್ರೆ ಅವನ ಆಣೆ ಅಲ್ಲಿ ಸಡಿಲಾಗ್ತೈತೆ ಅಂತಿದ್ಲು” ಎಂದಳು.

ನಾನು ಸುಮ್ಮನಿದ್ದುಬಿಡಬಹುದಿತ್ತು. ಆಗಲಿಲ್ಲ. ಆಕೆಯ ಕಾಲ ಬಳಿ ಕೂತು, ಆಣೆ ತಪ್ಪಿದೆ ಅವ್ವಾ, ಕಣ್ಣು ಹೋಗ್ತಿತ್ತು, ಮಳೆಗಾಲದಿಂದ ತಿಂತಾ ಇದೀನಿ ಎಂದೆ. ಅವ್ವ ನನ್ನ ಕೆನ್ನೆ, ರೆಪ್ಪೆ, ಹುಬ್ಬು ಎಲ್ಲವನ್ನೂ ಬೆರಳಿನಿಂದ ನೋಡಿದಳು.

“ಹಂಗಾದ್ರೆ ನಾನು ನೇಮ ಬಿಡ್ದಿದ್ದೇ ಒಳ್ಳೇದಾತು. ನೀನು ಆಣೆ ಕೈಬಿಟ್ಟ ಮ್ಯಾಲೆ ನಿನ್ನ ಕಾದಿದ್ದು ಅದೇ ಕಣಪ್ಪಾ.”

ಕಾದದ್ದು ಪುಂಡಿ ಸೊಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮರುದಿನದಿಂದ ನಾನೇ ಸೊಪ್ಪು ಬೇಯಿಸಿ ತುತ್ತಿಟ್ಟೆ. ಒಂದು ಕಣ್ಣು ಮೆಲ್ಲಗೆ ತಿರುಗಿ ಬಂತು. ಇನ್ನೊಂದಕ್ಕೆ ಆಗಲೇ ಹೂ ಬಿದ್ದಿತ್ತು. ಅವ್ವ ಸಾಯುವ ತನಕ ಅದು ಬೆಳ್ಳಗೇ ಉಳಿಯಿತು. ಮಗನ ಜೀವಕ್ಕೆ ಒಂದು ಕಣ್ಣು ಅಗ್ಗವೆಂದು ಆಕೆ ನೆರೆಯವರೊಂದಿಗೆ ಹೇಳಿಕೊಳ್ಳುವಾಗಲೆಲ್ಲ ನಾನು ಎದ್ದು ಮಗ್ಗಕ್ಕೆ ಹೋಗುತ್ತಿದ್ದೆ.

ಇಷ್ಟು ಬರೆಯುವ ಹೊತ್ತಿಗೆ ಸಂಜೆಯಾಯಿತು. ಎದ್ದು ಪಕ್ಕದ ಮನೆಗೆ ಹೋದೆ. ಗೌರಮ್ಮ ಹುರಿದ ರಾಗಿಯನ್ನು ಮೊರದಲ್ಲಿ ಆರಹಾಕಿದ್ದಳು. ನಿನ್ನ ಗಂಡ ಏನು ಉಣ್ಣಬೇಕೆನ್ನುವುದನ್ನು ಆಮೇಲೆ ಹೇಳುತ್ತೇನೆ, ಮೊದಲು ನೀನು ಒಂದು ಮಾತು ಹೇಳು ಎಂದೆ.

“ಅವನು ಹೋದ ಮ್ಯಾಲೆ ನೀನೇನು ಬಿಡ್ಬೇಕು ಅಂತ ಮಾಡೀಯವ್ವಾ?”

ಗೌರಮ್ಮ ಒಳಗೆ ಗಂಡನಿದ್ದ ಕಡೆ ಒಮ್ಮೆ ನೋಡಿದಳು. ಮೊರದಲ್ಲಿ ಕೈಯಾಡಿಸಿದಳು. ಆಮೇಲೆ ತಲೆಯೆತ್ತದೆ, “ಒಂದು ಹೊತ್ತಿನ ಊಟ, ತಾತ. ಅವರಿಗೆ ಹೇಳ್ಬ್ಯಾಡ್ರಿ” ಎಂದಳು.

ನಾನು ಜಗಲಿಯ ಮೇಲೆ ಕೂತು ಅವಳ ಗಂಡನನ್ನು ಹೊರಗೆ ಕರೆದೆ, ಅವ್ವನ ಕಣ್ಣಿನ ವಿಷಯವನ್ನು ಇಬ್ಬರಿಗೂ ಮೊದಲಿನಿಂದ ಹೇಳಿದೆ.